ಉಗುಳಿದ್ದು ಲೆಕ್ಕಕ್ಕಿಲ್ಲ

ಫೆಬ್ರವರಿ 19, ಸೋಮವಾರ

ಬೆಳಿಗ್ಗೆ ಗೋದಾಮಿನ ಮೇಲಿನ ಸಾಲಿನ ವಿಸ್ಕಿ ಪೀಪಾಯಿಗಳ ಹದ ನೋಡುವುದು. ಎಂದಿನಂತೆ — ಬಿರಡೆ ತೆಗೆ, ಕೊಳವೆ ಇಳಿಸು, ಗ್ಲಾಸಿಗೆ ಸ್ವಲ್ಪ ಬಿಡು, ಮೂಸು, ನೀರು ಬೆರೆಸು, ಬಾಯಿಗೆ ಹಾಕು, ಉಗುಳು, ಬರೆ. ತಿಂಡಿಗೆ ಈರುಳ್ಳಿ ಇಲ್ಲದ ಉಪ್ಪಿಟ್ಟು. ಮೂಗು ಕೆಡಬಾರದಲ್ಲ, ತಲೆಗೆ ಎಣ್ಣೆಯೂ ಇಲ್ಲ. ವಿಸ್ಕಿಗಾಗಿ ನಾನು ಮಾಡುವ ಮಡಿಯನ್ನು ಅಮ್ಮ ಶ್ರಾವಣದಲ್ಲೂ ಮಾಡುವುದಿಲ್ಲ.

ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಒಂದು ಜೋಕಿದೆ — ಆ ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೂ ಕುಡಿಯುತ್ತಾರೆ, ಅಕ್ಕನಿಗೆ ಮಾತ್ರ ಸಂಬಳ. ಮೊದಲು ನಾನೂ ನಗುತ್ತಿದ್ದೆ. ತಮ್ಮ ಮೋಹನ್‌ಬಾಬು ಆಸ್ಪತ್ರೆಯಿಂದ ಬಂದ ಮೇಲೆ ನಗು ಬರುತ್ತಿಲ್ಲ. ಲಿವರ್ ಹೋಗಿದೆ. ಮತ್ತೆ ಶುರು ಮಾಡಿದರೆ ಇಲ್ಲಿಗೆ ಕರೆದುಕೊಂಡು ಬರಬೇಡಿ ಎಂದರು ಡಾಕ್ಟರ್. ಅವನಿಗಿನ್ನೂ ಮೂವತ್ತೊಂದು.

ಫೆಬ್ರವರಿ 25, ಭಾನುವಾರ

ಮನೆದೇವರ ಗುಡಿಗೆ ಹೋಗಿದ್ದೆವು. ಇನ್ನು ಕುಡಿಯುವುದಿಲ್ಲ ಎಂದು ಬಾಬು ಕರ್ಪೂರ ಆರಿಸಿ ಆಣೆ ಮಾಡಬೇಕಿತ್ತು. ಪೂಜಾರಿ ತಟ್ಟೆಯಲ್ಲಿ ಹಚ್ಚಿದರು. ಇವನು ಕೈ ಚಾಚಲಿಲ್ಲ.

“ಅಕ್ಕನೂ ಆರಿಸ್ಲಿ. ಮನೇಲಿ ಒಬ್ರು ದಿನಾ ಬಾಯಿಗೆ ಹಾಕ್ಕೊಂಡು ಬರ್ತಿದ್ರೆ ನನ್ ಕೈಲಾಗಲ್ಲ.”

“ಅದು ಕೆಲ್ಸ ಕಣೋ. ನಾನೆಲ್ಲಿ ಕುಡೀತೀನಿ? ಉಗೀತೀನಿ.”

“ನಾಲಿಗೆಗೆ ತಗಲತ್ತಲ್ಲ.”

ಕರ್ಪೂರ ಸಣ್ಣಗಾಗುತ್ತಿತ್ತು. ಅಮ್ಮ ನನ್ನ ಮೊಣಕೈ ಹಿಡಿದರು. “ಹೂಂ ಅನ್ನಮ್ಮ ಯಾಮಿನಿ. ಆಮೇಲೆ ನೋಡ್ಕೊಳ್ಳಣ.”

ಆಮೇಲೆ ನೋಡಿಕೊಳ್ಳೋಣ... ನಮ್ಮ ವಂಶವೇ ಇದರ ಮೇಲೆ ನಡೆದು ಬಂದಿದೆ. ನಾಲಿಗೆಗೂ ತಗಲಿಸುವುದಿಲ್ಲ ಎಂದು ಅಂಗೈ ಹೊಡೆದು ಆರಿಸಿದೆ. ಪೂಜಾರಿ ಮತ್ತೆ ಹಚ್ಚಿದರು. ಅವನೂ ಆರಿಸಿದ.

ಮಾರ್ಚ್ 5, ಮಂಗಳವಾರ

ಮೂಗಿನಿಂದಲೇ ಕೆಲಸ ನಡೆಸುತ್ತಿದ್ದೇನೆ. ಗೋದಾಮಿನ ಮ್ಯಾನೇಜರ್ ರಮೇಶ್‌ಬಾಬು ಅವರಿಗೆ ಗಂಟಲು ನೋವು ಎಂದಿದ್ದೇನೆ. ಬಿಸಿಲು ಏರಿದೆ. ತಗಡಿನ ಸೂರಿನ ಕೆಳಗಿನ ಪೀಪಾಯಿಗಳು ಬೇಗ ಬಲಿಯುತ್ತಿವೆ. ಹದ ಮೀರಿದರೆ ಮರದ ಒಗರು ಇಳಿಯುತ್ತದೆ. ಒಗರು ಮೂಗಿಗೆ ಸಿಗುವುದಿಲ್ಲ, ನಾಲಿಗೆಯೇ ಬೇಕು. ಗೊತ್ತಿದ್ದೂ ಎಲ್ಲದಕ್ಕೂ ‘ಇನ್ನೂ ಇರಲಿ’ ಎಂದು ಬರೆದೆ.

ಬಾಬು ಎರಡು ಹೊತ್ತು ಊಟ ಮಾಡುತ್ತಿದ್ದಾನೆ. ಅಮ್ಮನ ಮುಖ ನೋಡಲು ಖುಷಿ. ನನಗೂ ಖುಷಿ, ಸುಳ್ಳೇಕೆ.

ಮಾರ್ಚ್ 13, ಬುಧವಾರ. ಸಂಜೆ

ಕೆಲಸದಿಂದ ಬಂದವಳು ಸೀದಾ ಬಚ್ಚಲಿಗೆ ಹೊರಟಿದ್ದೆ. ಗೋದಾಮಿನ ವಾಸನೆ ಕೂದಲಿಗೆ, ಚೂಡಿದಾರಕ್ಕೆ ಎಲ್ಲಕ್ಕೂ ಹತ್ತಿರುತ್ತದೆ. ಬಾಬು ಜಗಲಿಯಲ್ಲಿ ಕೂತಿದ್ದ.

“ಈಗ್ಲೇ ಸ್ನಾನ ಮಾಡ್ಬೇಡಕ್ಕ. ಇಲ್ಲೇ ಸ್ವಲ್ಪ ಕೂತ್ಕೋ.”

ಕೂತೆ. ಅವನು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದ. ಏಳಬೇಕಿತ್ತು. ಆದರೆ ಅವನ ಕೈ ನಡುಗುವುದು ನಿಂತಿತ್ತು...

ಮಾರ್ಚ್ 21, ಗುರುವಾರ

ಆಗಬಾರದ್ದು ಆಯಿತು. ನಾನು ‘ಇರಲಿ’ ಎಂದಿದ್ದ ಪೀಪಾಯಿಗಳ ರುಚಿಯನ್ನು ರಮೇಶ್‌ಬಾಬು ಸರ್ ತಾವೇ ನೋಡಿದ್ದಾರೆ.

“ಕಾಚು ಕುದಿಸಿ ಕುಡ್ದಂಗಿದೆಯಲ್ಲಮ್ಮ.”

ಆಣೆಯ ವಿಷಯ ಹೇಳಿಬಿಟ್ಟೆ. ನಗಲಿಲ್ಲ. ಒಳ್ಳೆಯ ಮನುಷ್ಯ, ಅದೇ ತೊಂದರೆ. “ಕಷ್ಟಾನೇ. ಆದ್ರೆ ಉಳಿದಿರೋದನ್ನ ನಾಳೆ ಬಾಯಿಗೆ ಹಾಕಿ ಹೇಳ್ಬೇಕು ನೀನು. ಆಗಲ್ಲ ಅಂದ್ರೆ ಬೇರೆಯವ್ರನ್ನ ಕರೆಸ್ತೀನಿ.”

ಅಮ್ಮನಿಗೆ ಹೇಳಿದೆ. ಅವರಿಗೆ ದಿಕ್ಕು ತೋಚದಾಗ ತೆಲುಗು ಬರುತ್ತದೆ. “ಏಂ ಚೇಸೇದಿ ತಲ್ಲಿ...”, ಏನು ಮಾಡೋದಮ್ಮ, ಎಂದು ಕೂತುಬಿಟ್ಟರು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಾರ್ಚ್ 22, ಶುಕ್ರವಾರ

ಹಾಕಿದೆ. ಉಗುಳಿದೆ. ಮೊದಲನೆಯದೇ ಎಷ್ಟು ಚೆನ್ನಾಗಿತ್ತು — ಒಣದ್ರಾಕ್ಷಿ, ಸುಟ್ಟ ಬೆಲ್ಲ, ಕೊನೆಗೆ ಸ್ವಲ್ಪ ಉಪ್ಪು. ಕೆಟ್ಟದಾಗಿದ್ದಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಸಂಜೆ ಬಾಬು ಮುಖ ನೋಡಿಯೇ ಕೇಳಿದ. “ತಗಲಿಸ್ದ್ಯಾ?”

ಅವನಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. “ಉಗುಳ್ದೆ ಬಾಬು. ಒಂದು ಹನೀನೂ ಒಳಗೆ ಹೋಗಿಲ್ಲ.”

ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಯೋಚಿಸಿದ. “ಹಂಗಾದ್ರೆ ಉಗುಳಿದ್ದು ಲೆಕ್ಕಕ್ಕಿಲ್ಲ ಅಂತಾಯ್ತು.”



ಮಾರ್ಚ್ 27, ಬುಧವಾರ

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಬು ಕೂತಿದ್ದ. ಪಕ್ಕದಲ್ಲಿ ಕ್ವಾರ್ಟರ್ ಬಾಟಲ್, ಸ್ಟೀಲ್ ಲೋಟ, ಒಂದು ಚೊಂಬು ನೀರು. ಕಿತ್ತುಕೊಳ್ಳಲು ಹೋದೆ. ಬಿಡಲಿಲ್ಲ.

“ನಿನ್ನಂಗೇ ಮಾಡ್ತೀನಿ ಕಣಕ್ಕ. ಬಾಯಲ್ಲಿ ತಿರುಗ್ಸಿ ಉಗೀತೀನಿ. ನೀನು ಮಾಡ್ಬೋದು, ನಾನು ಮಾಡ್ಬಾರ್ದಾ?”

ತಿರುಗಿಸಿದ. ಉಗುಳಿದ. ಬಾಯಿ ಮುಕ್ಕಳಿಸಿ ಬಾಟಲನ್ನು ಚರಂಡಿಗೆ ಬಗ್ಗಿಸಿದ. ದೇವರಾಣೆ, ಬಗ್ಗಿಸಿದ. ಚಿಕ್ಕಂದಿನಲ್ಲಿ ಸೈಕಲ್ ಕಲಿತ ದಿನದ ಮುಖ ಮಾಡಿಕೊಂಡು ನನ್ನ ಕಡೆ ನೋಡಿದ. ಭೇಷ್ ಎಂದುಬಿಟ್ಟೆ. ಬೇರೆ ಏನು ಹೇಳಲಿ?

ಮಾರ್ಚ್ 30, ಶನಿವಾರ

ದಿನಾ ನಡೆದಿದೆ. ನಾನು ಎದುರಿಗೆ ನಿಂತಿರಬೇಕು, ಅದು ಅವನ ಷರತ್ತು. ನಿಲ್ಲದಿದ್ದರೆ ಹೊರಗೆ ಹೋಗುತ್ತಾನೆ. ನಿಂತಿದ್ದೇನೆ. ಅಮ್ಮ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ದಿನದಿಂದ ದಿನಕ್ಕೆ ಬಾಯಲ್ಲಿ ಇಟ್ಟುಕೊಳ್ಳುವ ಹೊತ್ತು ಹೆಚ್ಚುತ್ತಿದೆ. ನಾನು ಅವನ ಗಂಟಲನ್ನೇ ನೋಡುತ್ತಿರುತ್ತೇನೆ.

ಏಪ್ರಿಲ್ 3, ಬುಧವಾರ. ಸಂಜೆ

ಇವತ್ತು ನೀರು ಬೆರೆಸಲಿಲ್ಲ. ಬಾಯಿ ತುಂಬ ಹಾಕಿಕೊಂಡ. ತಿರುಗಿಸಲೂ ಇಲ್ಲ, ಸುಮ್ಮನೆ ಇಟ್ಟುಕೊಂಡು ನನ್ನನ್ನೇ ನೋಡಿದ. ಕಣ್ಣಲ್ಲಿ ನೀರು. ಉಗುಳು ಬಾಬು, ಎಂದೆ. ಕೈ ಹಿಡಿದು, ಉಗುಳಪ್ಪ ಸಾಕು, ಎಂದೆ. ತಲೆ ಆಡಿಸಿದ — ಹೂಂ ಎಂದೋ, ಆಗುವುದಿಲ್ಲ ಎಂದೋ. ನಾನು ಅವನ ಗಲ್ಲ ಹಿಡಿದು ಬಗ್ಗಿಸಲು ಹೋದೆ. ಅವನು ನನ್ನ ಕೈ ಸರಿಸಿ ನುಂಗಿದ.