ಮಾಸ್ತರ ಸೀಟಿ

ಮುದ್ದೇಬಿಹಾಳ,
12–2–1961, ರವಿವಾರ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲ ನೋವು ಹೇಗಿದೆ? ಮಿಲ್ಲಿನಲ್ಲಿ ದಿನವಿಡೀ ನಿಂತು ದುಡಿಯುವವಳಿಗೆ ಎಣ್ಣೆ ಹಚ್ಚಿಕೋ ಎಂದು ಬರೆಯುವುದು ಸುಲಭ, ಆದರೂ ಬರೆಯುತ್ತೇನೆ. ಮನೆಯಲ್ಲಿ ಸುಂದರವ್ವ, ನಾನು ಆರಾಮ. ನಿನ್ನ ಮಗ ಗುರಪ್ಪನ ಮೈಯೂ ಆರಾಮಿದೆ. ನಿನ್ನೆ ಸಂಜೆ ನನಗೆ ಒಂದು ಮಾತು ಹೇಳಿದವನು ಮತ್ತೆ ಬಾಯಿ ಬಿಟ್ಟಿಲ್ಲ.

ನಿನ್ನೆ ಹತ್ತಿ ಜಿನ್ನಿನ ಅಂಗಳದಲ್ಲಿ ತಾಳಿಕೋಟೆಯವರೊಡನೆ ವಾಲಿಬಾಲ್ ಫೈನಲ್ ಇತ್ತು. ಓಡಲಾರದ ನಡುವಯಸ್ಸಿನ ಗೃಹಸ್ಥರಿಗೆಂದು ಅಮೆರಿಕದಲ್ಲಿ ಯಾರೋ ಹುಟ್ಟಿಸಿದ ಆಟವೆಂದು ಮಾಸ್ತರ ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದರು. ಇಲ್ಲಿ ಅದಕ್ಕಾಗಿ ಎರಡು ಊರು ಮಾತು ಬಿಡುತ್ತವೆ. ನಿಮ್ಮ ಸೊಲ್ಲಾಪುರದ ಮಿಲ್ಲೊಂದರಿಂದ ಒಬ್ಬರು ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೆದ್ದ ತಂಡದ ಇಬ್ಬರಿಗೆ ಮಿಲ್ಲಿನ ತಂಡದಲ್ಲಿ ಜಾಗ, ಜೊತೆಗೆ ನೌಕರಿ. ಗುರು ಹಿಂದಿನ ದಿನವೇ ಟ್ರಂಕು ಒರೆಸಿಟ್ಟಿದ್ದ. ಇನ್ನು ಅವ್ವನ ಹತ್ತಿರವೇ ಇರುತ್ತೇನೆಂದು ಸುಂದರವ್ವನಿಗೆ ಹೇಳಿದನಂತೆ. ನನಗೆ ಹೇಳಲಿಲ್ಲ. ಭಾವ ತೀರಿದ ಮೇಲೆ ನೀನು ಅವನನ್ನು ನಮ್ಮಲ್ಲಿ ಬಿಟ್ಟು ಹೋದಾಗಿನಿಂದ, ಮಕ್ಕಳಿಲ್ಲದ ಈ ಮನೆಯಲ್ಲಿ ಸದ್ದು ಎಂದರೆ ಅವನದೇ.

ಬಾಗೇವಾಡಿಯಿಂದ ಬರಬೇಕಾದ ರೆಫ್ರಿಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನೀವೇ ರೆಫ್ರಿ ಆಗಿರಿ ಎಂದು ಎಲ್ಲರೂ ನನಗೆ ಗಂಟುಬಿದ್ದರು. ನಾನು ಒಲ್ಲೆ ಎಂದೆ. ತಾಳಿಕೋಟೆಯ ಕ್ಯಾಪ್ಟನ್ ಬಂದೇನವಾಜನೇ ಸೀಟಿ ತಂದು ನನ್ನ ಕೈಗಿಟ್ಟ: ‘ಅಕ್ಕನ ಮಗ ಆಡಿದ್ರ ಏನಾತ್ರಿ? ಮಾಸ್ತರ ಸೀಟಿ ಸುಳ್ಳ ಹೇಳಂಗಿಲ್ಲ.’

ಕೊನೆಯ ಗೇಮು. ನಮ್ಮವರಿಗೆ ಒಂದೇ ಪಾಯಿಂಟು ಬೇಕಿತ್ತು. ಗುರು ಜಿಗಿದು ಹೊಡೆದ. ಚೆಂಡು ಆಚೆ ನೆಲಕ್ಕೆ ಬಿತ್ತು. ಜನ ಒಳಗೆ ನುಗ್ಗತೊಡಗಿದರು. ನೆಟ್ ಅಲುಗುತ್ತಿತ್ತು. ನೆಟ್ ಮುಟ್ಟಿದರೆ ಹೊಡೆತ ಲೆಕ್ಕಕ್ಕಿಲ್ಲ. ಮುಟ್ಟಿದವನು ತಾನೇ ಕೈ ಎತ್ತುವುದು ನಮ್ಮ ಕಡೆಯ ರೂಢಿ. ಗುರು ಕೈ ಎತ್ತಲಿಲ್ಲ, ನನ್ನನ್ನೇ ನೋಡಿದ. ಆ ಹೊತ್ತಿಗೆ ಗಾಳಿಯೂ ಬೀಸುತ್ತಿತ್ತು. ನಾನು ಊದಿದೆ. ಸರ್ವಿಸು ತಾಳಿಕೋಟೆಗೆ ಹೋಯಿತು. ಆಮೇಲೆ ನಮ್ಮ ಹುಡುಗರ ಕೈಯಿಂದ ಒಂದು ಚೆಂಡೂ ನೆಟ್ಟಗೆ ಏಳಲಿಲ್ಲ. ಸೋತೆವು.

ಮನೆಯ ಬಾಗಿಲಲ್ಲಿ ಗುರು ಹೇಳಿದ್ದು ಇಷ್ಟೇ: ‘ನನ್ನ ಕಳಸಾಕ ನಿಮಗ ಮನಸಿಲ್ಲ ಮಾಮಾ. ಅದಕ್ಕ ಊದಿದ್ರಿ.’ ಊಟಕ್ಕೆ ಏಳಲಿಲ್ಲ. ಸುಂದರವ್ವ ನನ್ನ ಮುಂದೆ ಖಾಲಿ ತಾಟು ಇಟ್ಟಳು. ‘ಅಂವ ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ. ನೀವು ನಿಮ್ಮ ಸೀಟಿ ಉಣ್ರಿ.’

ಇವತ್ತು ಮತ್ತೆ ಆ ಅಂಗಳಕ್ಕೆ ಹೋಗಿದ್ದೆ. ನೆಟ್ ಬಿಚ್ಚಿ ಒಯ್ದಿದ್ದಾರೆ. ಎರಡು ಕಂಬಗಳ ನಡುವೆ ನೋಡಲು ಏನೂ ಇಲ್ಲ. ಅವನಿಗೆ ನೌಕರಿ ತಪ್ಪಿತು, ನಿನಗೆ ಮಗ ತಪ್ಪಿದ. ಬೇರೆಯವರು ಹೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆದೆ. ಅವನು ನೆಟ್ ಮುಟ್ಟಿದ್ದನ್ನು ಕಂಡೇ ಊದಿದೆ, ನಂಬು. ಅವನನ್ನು ಹೇಗೆ ಸಮಾಧಾನ ಮಾಡಲಿ, ಬರೆದು ತಿಳಿಸು.

ಮೈ ಜೋಪಾನ. ನಮ್ಮಿಬ್ಬರ ನಮಸ್ಕಾರ ನಿನ್ನ ಪಾದಕ್ಕೆ.

ನಿನ್ನ ತಮ್ಮ,
ಶ್ರೀಶೈಲಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಗುರು ಯಾರನ್ನೂ ಕೇಳಲಿಲ್ಲ, ನೌಕರಿ ಇಲ್ಲದೆಯೇ ಟ್ರಂಕು ಹೊತ್ತು ನಿನ್ನ ಹತ್ತಿರ ಹೊರಟ. ಈ ಪತ್ರಕ್ಕಿಂತ ಮೊದಲು ಮುಟ್ಟುತ್ತಾನೆ. ಬಸ್ಸು ಬಿಡುವಾಗ ಕಿಟಕಿಯಿಂದ ಬಗ್ಗಿ, ‘ಬೆರಳಿಗೆ ನೆಟ್ ಹತ್ತಿತ್ರಿ ಮಾಮಾ,’ ಎಂದ. ‘ಗೊತ್ತಿತ್ತು,’ ಎಂದೆ. ಗೊತ್ತಿರಲಿಲ್ಲ, ಅಕ್ಕಾ.