ಶಬ್ದಕ್ಕೆ ಹತ್ತರಲ್ಲಿ ಒಂದು

ಕುಂಚನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇದ್ದೀಯ, ಪರದೆಯ ಮೇಲೆ ನೋಡಿದೆ. ಕೆನ್ನೆ ತುಂಬಿಕೊಂಡಿದೆ. ಬೆನ್ನ ಹಿಂದಿನ ಗೋಡೆಯ ಉದ್ದಕ್ಕೂ ಹಳೆಯ ವಿಡಿಯೋ ಗೇಮುಗಳ ಡಬ್ಬಿಗಳನ್ನು ಜೋಡಿಸಿಕೊಂಡಿದ್ದೀಯ. ಕೈಯಲ್ಲೊಂದು ಕೆಂಪು ಪೆನ್ನು. ಜನರಿಗೆಲ್ಲ ನೀನೀಗ 'ಹಳೇ ಆಟದ ಮೇಷ್ಟ್ರು'. ಚಿತ್ರಕ್ಕೆ ಇಷ್ಟು, ಶಬ್ದಕ್ಕೆ ಇಷ್ಟು, ಆಟಕ್ಕೆ ಇಷ್ಟು ಎಂದು ಹತ್ತಕ್ಕೆ ಅಂಕ ಹಾಕುತ್ತೀಯ. ಲಕ್ಷಗಟ್ಟಲೆ ಜನ ನೋಡಿ ನಗುತ್ತಾರೆ. ನಿನ್ನನ್ನು ಕುಂಚ ಎಂದು ಕರೆಯುತ್ತಿದ್ದವನು ನನ್ನ ತಮ್ಮ. ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ನೀನು ಬರಲಿಲ್ಲ. "ಕುಂಚ ಬರಲಿಲ್ಲ" ಎಂದು ದಿನಚರಿಯಲ್ಲಿ ಎರಡೇ ಪದ ಬರೆದು ಸುಮ್ಮನಾಗಿದ್ದೆ. ಈಗ ಸುಮ್ಮನಿರಲು ಆಗುತ್ತಿಲ್ಲ.

ಹೋದ ತಿಂಗಳು ತಮ್ಮನ ಮಗಳು ಮೊಬೈಲು ಹಿಡಿದುಕೊಂಡು ಓಡಿ ಬಂದಳು. "ಅತ್ತೆ, ಅಪ್ಪನ ಆಟ ಬಂದಿದೆ ನೋಡಿ! ಮೇಷ್ಟ್ರು ಮಾರ್ಕ್ಸ್ ಹಾಕ್ತಿದಾರೆ!" ಕಾಲೇಜಿಗೆ ಹೋಗುವ ಹುಡುಗಿ, ಅಪ್ಪ ಸತ್ತ ಮೇಲೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಾನು ಹೊಲಿಗೆ ಬಿಟ್ಟು ಕನ್ನಡಕ ಒರೆಸಿಕೊಂಡು ಅವಳ ಪಕ್ಕ ಕೂತೆ. ಇಬ್ಬರೂ ನೋಡಿದೆವು.

'ಅಂಬಿಗ'. ನನ್ನ ಮನೆಯ ಹಿಂದಿನ ಕೋಣೆಯಲ್ಲಿ ನೀವಿಬ್ಬರೂ ಎರಡು ವರ್ಷ ಕೂತು ಮಾಡಿದ ಆಟ. ನೀನು ಅದನ್ನು ಹೊಸ ಕಂಪ್ಯೂಟರಿನಲ್ಲಿ ಆಡಿದೆ. ದೋಣಿ ಸರ್ರನೆ ಹಾರಿ ದಡಕ್ಕೆ ಬಡಿದು ಮಗುಚಿತು. ಮತ್ತೆ ಹಾರಿತು, ಮತ್ತೆ ಮಗುಚಿತು. ಶಬ್ದವಂತೂ ಕಿಚಕಿಚ ಎನ್ನುವುದು ಬಿಟ್ಟರೆ ಬೇರೇನಿಲ್ಲ. ನೀನು ಕಿವಿ ಮುಚ್ಚಿಕೊಂಡು ಅಂದೆ: "ಇದು ಸಂಗೀತಾನೋ, ಬೋನಿಗೆ ಬಿದ್ದ ಇಲೀನೋ? ಇದನ್ನ ಮಾಡಿದ ಪುಣ್ಯಾತ್ಮ ಒಂದ್ಸಲಾನಾದ್ರೂ ಕೇಳಿದ್ನಾ?" ಆಮೇಲೆ ಕೆಂಪು ಪೆನ್ನು ತೆಗೆದೆ. ಚಿತ್ರಕ್ಕೆ ಎಂಟು. ಆಟಕ್ಕೆ ಮೂರು. ಶಬ್ದಕ್ಕೆ ಒಂದು.

ಹುಡುಗಿ ಮೊಬೈಲನ್ನು ಬೋರಲು ಹಾಕಿದಳು. ಆಮೇಲೆ ಕೇಳಿದಳು: "ಅಪ್ಪನಿಗೆ ಮ್ಯೂಸಿಕ್ ಬರ್ತಿರ್ಲಿಲ್ವಾ ಅತ್ತೆ?"

ಕುಂಚ, ಈ ಪ್ರಶ್ನೆಗೆ ನೀನು ಎಷ್ಟು ಅಂಕ ಹಾಕುತ್ತೀಯ?

ಚಿತ್ರಕ್ಕೆ ಎಂಟು ಎಂದೆಯಲ್ಲ, ಆ ಚಿತ್ರ ಬರೆದವನು ಯಾರೆಂದು ಯಾಕೆ ಹೇಳಲಿಲ್ಲ? ಚೌಕುಳಿ ಹಾಳೆಯ ಮೇಲೆ ಒಂದೊಂದೇ ಚುಕ್ಕಿ ತುಂಬಿ ದೋಣಿ, ದಡ, ಮೂರು ಜನ ಪ್ರಯಾಣಿಕರು, ಎಲ್ಲ ಬರೆದವನು ನೀನು. ಪರೀಕ್ಷೆ ಬರೆದವನೂ ನೀನೇ, ತಿದ್ದಿದವನೂ ನೀನೇ. ಸತ್ತವನ ಉತ್ತರಪತ್ರಿಕೆಗೆ ಒಂದು, ನಿನ್ನದಕ್ಕೆ ಎಂಟು. ಪೂರ್ತಿ ಹತ್ತು ಹಾಕಿಕೊಳ್ಳಲು ನಾಚಿಕೆಯಾಯಿತೇನೋ. ಅಷ್ಟಾದರೂ ಉಳಿದಿದೆಯಲ್ಲ, ಸಂತೋಷ.

ನಾನು ಹೆಚ್ಚು ಓದಿದವಳಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಬದುಕಿದವಳು. ಕಂಪ್ಯೂಟರಿನ ಒಳಗೇನಿದೆ ಎಂದು ನನಗೆ ಗೊತ್ತಿಲ್ಲ. ಆದರೆ ಆ ಎರಡು ವರ್ಷ ನಿಮ್ಮಿಬ್ಬರ ಬಾಗಿಲ ಈಚೆಗೆ ಕಾಲು ಮಷಿನ್ನು ತುಳಿಯುತ್ತ ಕೂತವಳು ನಾನು. ನಿಮ್ಮ ಒಂದೊಂದು ಜಗಳವೂ ನನ್ನ ದಿನಚರಿಯಲ್ಲಿದೆ. ನೀನು ಮರೆತಿದ್ದರೆ ನೆನಪಿಸುತ್ತೇನೆ.

ನೀವು ಆಟ ಮಾಡಿದ ಆ ಕಂಪ್ಯೂಟರ್ ಯಂತ್ರಕ್ಕೆ ನಾಲ್ಕೇ ಬಣ್ಣ. ನಿನ್ನ ಹೊಳೆ ದಡದಿಂದ ದಡಕ್ಕೆ ಒಂದೇ ನೀಲಿ. ಸೆಳೆತ ಎಲ್ಲಿದೆ ಎಂದು ಆಡುವವರಿಗೆ ತೋರಿಸುವುದು ನಿನ್ನಿಂದ ಆಗಲಿಲ್ಲ. ಮೂರು ದಿನ ಮುಖ ಊದಿಸಿಕೊಂಡು ಕೂತಿದ್ದೆ. ಆಗ ತಮ್ಮ ಅಂದ, "ಕಣ್ಣಿಗೆ ಕಾಣ್ದಿದ್ರೆ ಕಿವಿಗೆ ಕೇಳ್ಸೋಣ ಬಿಡೋ. ಅದಕ್ಕೇನಂತೆ." ಅವತ್ತೇ ನನ್ನ ಹತ್ತಿರ ಬಂದು ನೆಲದ ಮೇಲೆ ಕೂತು ಮಷಿನ್ನಿನ ಸದ್ದು ಕೇಳತೊಡಗಿದ. "ಅಕ್ಕ, ಅಂಗಿ ಬಟ್ಟೆ ಹೊಲಿ. ಹ್ಞಾಂ. ಈಗ ಆ ದಪ್ಪ ಬಟ್ಟೆ ಹಾಕು. ಆಗ ಕಾಲು ಭಾರ ಆಗುತ್ತಲ್ಲ, ಅದು, ಅದೇ ಬೇಕು ನಂಗೆ." ತೆಳು ಬಟ್ಟೆಯ ಸದ್ದು ತಿಳಿನೀರಾಯಿತು. ದಪ್ಪ ಬಟ್ಟೆಯ ಸದ್ದು ಸೆಳೆತವಾಯಿತು. ದೋಣಿ ನಡೆಸುವ ಹುಟ್ಟಿನ ಸದ್ದು ಭಾರವಾದಾಗ ಆಡುವವರೂ ನಿಧಾನವಾಗಿ ಗುಂಡಿ ಒತ್ತಬೇಕು. ಆತುರಪಟ್ಟರೆ ದೋಣಿ ಮಗುಚುತ್ತದೆ. ಆ ಯಂತ್ರದಲ್ಲಿದ್ದದ್ದು ಬೆಂಕಿಪೊಟ್ಟಣದಷ್ಟು ಸ್ಪೀಕರು, ಒಂದು ಸಲಕ್ಕೆ ಒಂದೇ ಸ್ವರ. ಹುಟ್ಟಿನ ಸದ್ದು ಹಾಕಿದರೆ ಅಂಬಿಗನ ಹಾಡಿಲ್ಲ, ಹಾಡು ಹಾಕಿದರೆ ಹುಟ್ಟಿನ ಸದ್ದಿಲ್ಲ. ಅವನು ಎರಡನ್ನೂ ಚೂರು ಚೂರು ಮಾಡಿ ಒಂದರ ಸಂದಿಯಲ್ಲಿ ಇನ್ನೊಂದನ್ನು ಸೇರಿಸಿದ. ಅಷ್ಟು ಬೇಗ ಬೇಗ ಬದಲಾದರೆ ಕಿವಿ ಎರಡನ್ನೂ ಒಟ್ಟಿಗೆ ಕೇಳುತ್ತದಂತೆ. ಅದಕ್ಕೆ ಅವನಿಗೆ ಏಳು ತಿಂಗಳು ಬೇಕಾಯಿತು.

ನಿನ್ನ ನೀಲಿಗೆ ಅವನ ಶಬ್ದ ಆಸರೆಯಾಗಿತ್ತು ಕುಂಚ. ಅದಿಲ್ಲದಿದ್ದರೆ ನಿನ್ನದು ಬರೀ ಬಣ್ಣ ಬಳಿದ ಹಾಳೆ.

ಗೊತ್ತಿಲ್ಲದೆ ಮಾಡಿದ್ದೀಯ ಎಂದು ನಾನೂ ಮೊದಲು ಅಂದುಕೊಂಡೆ. ಅದಕ್ಕೇ ದಿನಚರಿ ತೆಗೆದು ನೋಡಿದೆ. ನನ್ನದೇ ಅಕ್ಷರ: "ಇವತ್ತು ಇಬ್ಬರೂ ಯಾರದೋ ಆಫೀಸಿನ ಹೊಸ ಯಂತ್ರದಲ್ಲಿ ಆಟ ಹಾಕಿ ನೋಡಿ ಬಂದರು. ದೋಣಿ ಓಡಿತಂತೆ. ಕುಂಚ ನಕ್ಕೂ ನಕ್ಕೂ, 'ಇದು ದೋಣಿ ಅಲ್ಲ ಕಣೋ, ರಾಕೆಟ್ಟು!' ಎಂದ. ತಮ್ಮ ಊಟ ಮಾಡಲಿಲ್ಲ." ಯಂತ್ರ ಚುರುಕಾದಷ್ಟೂ ಆಟವೂ ಓಡುತ್ತದೆ, ಹೊಸದರಲ್ಲಿ ಆಡುವವರು ವೇಗ ಇಳಿಸಿಕೊಳ್ಳಬೇಕು ಎಂದು ನಿಮಗೆ ಅವತ್ತೇ ತಿಳಿಯಿತು. ಆಟ ಶುರುವಾಗುವ ಮೊದಲು ಒಂದು ಪರದೆ ಹಾಕಿದಿರಿ, 'ವೇಗ ಇಳಿಸಿ ಆಡಿ' ಎಂದು. ಆ ಅಕ್ಷರಗಳನ್ನು ಬರೆದವನೂ ನೀನೇ. 'ಳಿ' ಸರಿಯಾಗಿ ಬರುತ್ತಿಲ್ಲ ಎಂದು ನಾಲ್ಕು ಹಾಳೆ ಹರಿದು ಹಾಕಿದ್ದೆ.

ನಿನ್ನ ವಿಡಿಯೋದಲ್ಲಿ ಆ ಪರದೆ ಇಲ್ಲ. ಹುಡುಗಿಗೆ ಹೇಳಿ ಮತ್ತೆ ಮತ್ತೆ ಹಾಕಿಸಿದೆ. ಆಟದ ಹೆಸರು ಬರುತ್ತದೆ, ನಿನ್ನ ಮುಖ ಸಣ್ಣಗೆ ಅಲುಗುತ್ತದೆ, ಮರುಕ್ಷಣ ದೋಣಿ ಹೊಳೆಯಲ್ಲಿರುತ್ತದೆ. ನಲವತ್ತು ವರ್ಷ ಬಟ್ಟೆ ಕತ್ತರಿಸಿದವಳು ನಾನು. ಕತ್ತರಿ ಎಲ್ಲಿ ಬಿದ್ದಿದೆ ಎಂದು ನನಗೆ ಯಾರೂ ತೋರಿಸಿಕೊಡಬೇಕಾಗಿಲ್ಲ.

ಅಟ್ಟದಿಂದ ಹಳೆಯ ಯಂತ್ರ ಇಳಿಸಿ ಹೊಲಿಗೆ ಮೇಜಿನ ಮೇಲೆ ಇಟ್ಟೆವು. ಮೂರು ಸಲ ಒತ್ತಿದರೆ ಒಂದು ಸಲ ಏಳುತ್ತದೆ ಅದು, ಮುದುಕರ ಹಾಗೆ. ಎದ್ದಿತು. ಹುಡುಗಿ ಆಡಿದಳು, ಮಗುಚಿದಳು. ಮತ್ತೆ ಮಗುಚಿದಳು. ನಾನು ಏನೂ ಹೇಳಿಕೊಡಲಿಲ್ಲ. ಮೂರನೆಯ ಸಲ ಅವಳೇ ಕಣ್ಣು ಮುಚ್ಚಿಕೊಂಡಳು. ದೋಣಿ ಸೆಳೆತಕ್ಕೆ ಬಂತು, ಸದ್ದು ಭಾರವಾಯಿತು, ಅವಳ ಬೆರಳೂ ಭಾರವಾಯಿತು. ದಡ ಮುಟ್ಟಿದ ಮೇಲೆ ನನ್ನ ಕಡೆ ತಿರುಗಿ, "ಅತ್ತೆ, ಇದು ನಿಮ್ಮ ಮಷಿನ್ ಸದ್ದಲ್ವಾ?" ಎಂದಳು. ಆಮೇಲೆ ಅವಳು ಅತ್ತದ್ದನ್ನು ನಿನಗೆ ಬರೆಯುವುದಿಲ್ಲ. ಅದು ನಿನಗೆ ಸೇರಿದ್ದಲ್ಲ.

ಮಾರನೆಯ ದಿನ ನಿನಗೆ ಫೋನು ಮಾಡಿದೆ. ಹತ್ತು ನಿಮಿಷದಲ್ಲಿ ನೀನು ಎಂಟು ಸಲ "ಅಕ್ಕ" ಎಂದೆ. "ಅಕ್ಕ, ಜನ ನಗೋಕ್ ಬರ್ತಾರೆ, ಕಲಿಯೋಕಲ್ಲ. ವೇಗ ಇಳಿಸಿ ಆಡಿದ್ರೆ ಯಾರು ನೋಡ್ತಾರೆ ಹೇಳಿ? ಅವನಿದ್ದಿದ್ರೆ ಅವನೂ ನಗ್ತಿದ್ದ." ಇಲ್ಲ, ನಗುತ್ತಿರಲಿಲ್ಲ. ಅವನು ಊಟ ಬಿಡುತ್ತಿದ್ದ. "ಈಗ ತಪ್ಪು ಅಂತ ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು ಅಕ್ಕ?" ಎಂದೂ ಕೇಳಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರನ್ನು ಕಂಡಿದ್ದೇನೆ. ದಾಟಿಸಿದವನನ್ನೇ ನೀರಿಗೆ ನೂಕಿ, ದಡದಲ್ಲಿ ನಿಂತು ಅವನ ಈಜಿಗೆ ಅಂಕ ಹಾಕುವವನನ್ನು ನಿನ್ನಲ್ಲೇ ಮೊದಲು ಕಂಡದ್ದು.

ಇಷ್ಟೇ ಆಗಿದ್ದರೆ ಬೈದು ಬಿಟ್ಟುಬಿಡುತ್ತಿದ್ದೆ. ಆದರೆ ಹಳೆಯ ಯಂತ್ರಗಳ ಸಂಗ್ರಹಾಲಯದವರು 'ಅಂಬಿಗ'ವನ್ನು ಯಂತ್ರದ ಸಮೇತ ಕೇಳಿದ್ದಾರೆ. ಯಂತ್ರ ರಿಪೇರಿ ಮಾಡಿಸಿ, ಬಂದವರು ಆಡುವ ಹಾಗೆ ಇಡುತ್ತಾರಂತೆ. ನನ್ನ ತಮ್ಮ ತನ್ನ ಕೊನೆಯ ದಿನಗಳಲ್ಲಿ ಆಸೆಪಟ್ಟದ್ದು ಅದೊಂದನ್ನೇ. ನಾನು ಒಪ್ಪಿದ್ದೆ. ನಿನ್ನ ವಿಡಿಯೋ ಬಂದ ವಾರಕ್ಕೆ ಅಲ್ಲಿನ ಮೇಡಂ ಫೋನು ಮಾಡಿದರು. "ನಮ್ಮ ಸಲಹೆಗಾರರು ಶಬ್ದ ಬೇಡ ಅಂದಿದಾರಮ್ಮ. ಕಿರಿಕಿರಿ ಆಗುತ್ತಂತೆ. ಬಂದ್ ಮಾಡಿ ಇಡ್ತೀವಿ." ಸಲಹೆಗಾರ ಯಾರು ಎಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ.

ಶಬ್ದವಿಲ್ಲದೆ ಆ ಹೊಳೆಯನ್ನು ದಾಟಲು ಆಗುವುದೇ ಇಲ್ಲ ಎಂದು ನಿನಗೆ ಗೊತ್ತು. ಬಂದವರೆಲ್ಲ ಮಗುಚುತ್ತಾರೆ. ಎರಡು ಸಲ ನೋಡಿ, ಕೆಟ್ಟ ಆಟ ಎಂದು ಮುಂದೆ ಹೋಗುತ್ತಾರೆ. ನನ್ನ ತಮ್ಮ ವರ್ಷಗಟ್ಟಲೆ ಅಲ್ಲಿ ಕೂತು, ದಿನಾ ಸೋಲುತ್ತಿರಬೇಕು.

ಯಂತ್ರವನ್ನು ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋಗಿ ಮೇಡಂಗೆ ಆಡಿ ತೋರಿಸಿದೆ. ಅವರು ಒಳ್ಳೆಯವರು, ಪೂರ್ತಿ ಕೇಳಿದರು. "ಚೆನ್ನಾಗಿದೆ ಅಮ್ಮ. ಆದ್ರೆ ಈ ಯಂತ್ರ ಹಳೇದಾಗಿ ನಿಧಾನ ಆಗಿರಬಹುದಲ್ಲ? ಮೂಲ ವೇಗ ಇದೇ ಅಂತ ಹೇಗೆ ನಂಬೋದು?" ಎಂದರು. ದಿನಚರಿ ತೋರಿಸಿದೆ. "ಮನೆಯವರ ಡೈರಿ ದಾಖಲೆ ಆಗಲ್ಲ. ಆಟ ಮಾಡಿದವರೇ ಬರೆದುಕೊಡ್ಬೇಕು. ಇನ್ನೊಬ್ರು ಇದಾರಾ, ಬದುಕಿರೋರು?" ಇದ್ದಾನೆ, ನಿಮ್ಮ ಸಲಹೆಗಾರನೇ ಅವನು ಎಂದೆ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಅವರು ಇದನ್ನ ನಮಗೆ ಹೇಳಲೇ ಇಲ್ಲ" ಎಂದರು. ನಮಗೂ ಬಹಳ ಸಂಗತಿ ಹೇಳಿಲ್ಲ ಅವನು, ಎಂದು ಎದ್ದು ಬಂದೆ.

ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಅಷ್ಟರಲ್ಲಿ ಬರಹ ಸಿಗದಿದ್ದರೆ ಶಬ್ದ ಬಂದ್. ಶಬ್ದ ಬಂದ್ ಆದರೆ ನಾನು ಕೊಡುವುದಿಲ್ಲ. ಆ ಯಂತ್ರ ನನ್ನ ಮೇಜಿನ ಮೇಲೆ ಒಂದು ದಿನ ಏಳದೆ ಹೋಗುತ್ತದೆ, ಅದರ ಜೊತೆ ಅವನ ಹಾಡೂ ಹೋಗುತ್ತದೆ. ಮೂಕನನ್ನಾಗಿ ಮಾಡಿ ಗಾಜಿನೊಳಗೆ ಕೂರಿಸುವುದಕ್ಕಿಂತ ಅದೇ ವಾಸಿ.

ಕಾಗದದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ನೀನು ಸಹಿ ಹಾಕಲೆಂದು ನನ್ನ ಕೈಯಲ್ಲೇ ಬರೆದದ್ದು, ಮೂರೇ ಸಾಲು: ಈ ಆಟದ ಚಿತ್ರಗಳನ್ನು ಬರೆದವನು ನಾನು. ಇದರ ಮೂಲ ವೇಗ ಹಳೆಯ ಯಂತ್ರದ್ದೇ. ನಾನು ಅಂಕ ಹಾಕುವಾಗ ಇದೆಲ್ಲ ನನಗೆ ಗೊತ್ತಿತ್ತು.

ಸಂಗ್ರಹಾಲಯಕ್ಕೆ ಬೇಕಾದದ್ದು ಮೊದಲಿನ ಎರಡು ಸಾಲು. ಮೂರನೆಯದು ತಮ್ಮನ ಮಗಳಿಗೆ. ಅದನ್ನು ಗೀಟು ಹಾಕಿ ಹೊಡೆದು ಸಹಿ ಮಾಡಿದರೂ ನಾನು ಕೊಂಡೊಯ್ದು ಕೊಡುತ್ತೇನೆ, ಏಕೆಂದರೆ ನಿನ್ನ ಮೇಲಿನ ಸಿಟ್ಟಿಗಿಂತ ಅವನ ಹಾಡು ನನಗೆ ದೊಡ್ಡದು. ಆದರೆ ಹೊಡೆದ ಗೀಟನ್ನೂ ಅವಳಿಗೆ ತೋರಿಸುತ್ತೇನೆ. ಸಹಿ ಮಾಡಿದರೆ ಕ್ಷಮಿಸುತ್ತಾಳೆ ಎಂದು ಲೆಕ್ಕ ಹಾಕಬೇಡ, ಕ್ಷಮಿಸುವುದಿಲ್ಲ. ಪ್ರದರ್ಶನದ ದಿನ ಬರಬೇಡ. ಆಮೇಲೆ ಯಾವತ್ತಾದರೂ, ಮೇಷ್ಟ್ರ ವೇಷ ಕಳಚಿಟ್ಟು, ಟಿಕೆಟು ತೆಗೆದುಕೊಂಡು, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಒಂದು ಸಲ ಆಡು.

ನೂರು ವರ್ಷ ಬಾಳು. ಕಣ್ಣು ಮಂಜಾದರೂ ಚಿಂತೆಯಿಲ್ಲ, ಕಿವಿ ಮಾತ್ರ ಕೊನೆಯವರೆಗೂ ಚುರುಕಾಗಿರಲಿ.

ಇಂತಿ,
ಅವನ ಅಕ್ಕ