ಗೂಡು ನೋಡಿ, ಚಂದ್ರಂಕಿ ಯಾರದೆಂದು ಕೇಳಬೇಡಿ

ಮಾನ್ಯ ಅಧಿಕಾರಿಗಳೇ,

‘ಹಣ ಕೊಟ್ಟು ಕೊಂಡ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಬರಹಗಳನ್ನು ಮಾತ್ರ ಪರಿಗಣಿಸಲಾಗುವುದು’ ಎಂದು ನಿಮ್ಮ ಕಚೇರಿಯ ಬಾಗಿಲಿಗೆ ಅಂಟಿಸಿದ್ದೀರಲ್ಲ, ಆ ಸಾಲು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಹೊಟ್ಟೆ ಕೆಟ್ಟು ಅಲ್ಲ, ಹೇಸಿಗೆ ಹುಟ್ಟಿ.

ಮೇಲೂರಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬರೆದುಕೊಡುವವನು ನಾನು. ನನ್ನ ಅರ್ಜಿಗೆ ಹೆದರಿ ವರ್ಗ ಮಾಡಿಸಿಕೊಂಡು ಹೋದ ಅಧಿಕಾರಿಗಳಿದ್ದಾರೆಂದು ಜನ ಹೇಳುತ್ತಾರೆ. ನಾನು ಅಲ್ಲಗಳೆಯಲು ಹೋಗಿಲ್ಲ. ನನ್ನ ಅಕ್ಕನ ಮಗಳು ಭಾನುಪ್ರಿಯಾ ನಿಮ್ಮಲ್ಲಿ ಖಾಲಿಯಿರುವ ಟೈಪಿಂಗ್ ಕೆಲಸಕ್ಕೆ ಅರ್ಜಿ ಹಾಕಿದಳು. ಮನೆಯಲ್ಲೇ ಒಂದು ಪುಟ ಕನ್ನಡ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ತರಬೇಕೆಂದಿರಿ. ಅವಳ ಕಂಪ್ಯೂಟರಿಗೆ ಪುಕ್ಕಟೆ ತಂತ್ರಾಂಶವೇ ಸಾಕು ಎಂದವನೂ ನಾನೇ. ಮನೆಯಲ್ಲಿ ಮಾಡುವುದಾದರೂ ಏನು? ಒಂದು ಅರ್ಜಿ, ಒಂದು ನಾಮಕರಣದ ಕರೆಯೋಲೆ, ಹಾಲಿನ ಲೆಕ್ಕ. ಇಷ್ಟಕ್ಕೆ ದುಡ್ಡಿನ ತಂತ್ರಾಂಶ ತಂದು ವರ್ಷವರ್ಷವೂ ಬಾಡಿಗೆ ಕಟ್ಟುವುದೆಂದರೆ ಅಂಗಳ ಗುಡಿಸಲು ಟ್ರ್ಯಾಕ್ಟರ್ ಕರೆಸಿದಂತೆ. ದಿನವಿಡೀ ಅದರಲ್ಲೇ ಮುಳುಗಿರುವ ಕಚೇರಿಗಳು ಕೊಳ್ಳಲಿ, ಬೇಡವೆಂದವರಾರು? ನಮ್ಮ ಮನೆಯ ಮೇಜಿನ ಮೇಲೂ ಅದೇ ಇರಬೇಕೆಂಬ ಹಠವೇಕೆ?

ನಿಮ್ಮ ಗುಮಾಸ್ತರು, “ಯಾವುದ್ರಲ್ಲಿ ಮಾಡಿದ್ದಮ್ಮ ಇದು?” ಎಂದರು. ಹುಡುಗಿಗೆ ಸುಳ್ಳು ಬಾರದು. “ಫ್ರೀ ಸಾಫ್ಟ್‌ವೇರ್‌ನಲ್ಲಿ ಸರ್” ಎಂದಳು. ಅವರು ತೆರೆದೂ ನೋಡಲಿಲ್ಲ. ಸತ್ತ ಹಲ್ಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಪೆನ್‌ಡ್ರೈವ್ ಎತ್ತಿ ವಾಪಸು ಕೊಟ್ಟರು. “ಪುಕ್ಕಟೆದಕ್ಕೆಲ್ಲ ಬೆಲೆ ಇರಲ್ಲ. ಒಳ್ಳೇದ್ರಲ್ಲಿ ಮಾಡ್ಕೊಂಡು ಬಾ, ಹೋಗು.”

ಸ್ವಾಮಿ, ತಾವು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಒಮ್ಮೆಯಾದರೂ ನೋಡಿದ್ದೀರಾ? ನಮ್ಮ ಕಡೆ ಹುಳು ಹಣ್ಣಾದಾಗ, ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿ ಸಾಲದಿದ್ದರೆ ಪಕ್ಕದ ಮನೆಯಿಂದ ತರುತ್ತೇವೆ. ಕೆಲವರು ಬಾಡಿಗೆಗೆ ತರುತ್ತಾರೆ, ಕೆಲವರಿಗೆ ಪುಕ್ಕಟೆ ಸಿಗುತ್ತದೆ. ಕೊಳ್ಳುವವನು ಒಂದು ಹಿಡಿ ಗೂಡು ಎತ್ತಿ, ಅದುಮಿ, ಅಲ್ಲಾಡಿಸಿ ನೋಡಿ ಬೆಲೆ ಕೂಗುತ್ತಾನೆ. ಚಂದ್ರಂಕಿಗೆ ಬಾಡಿಗೆ ಕೊಟ್ಟೆಯಾ ಎಂದು ಈವರೆಗೆ ಒಬ್ಬನೂ ಕೇಳಿಲ್ಲ. ಕೇಳಿದರೆ ಮಾರುಕಟ್ಟೆಯೇ ನಗುತ್ತದೆ. ಹುಳುವಿನ ಗೂಡಿಗೆ ಇರುವ ಮರ್ಯಾದೆ ನಿಮ್ಮಲ್ಲಿ ಹುಡುಗಿಯ ಅಕ್ಷರಕ್ಕಿಲ್ಲವೇ?

ಮಾರನೆಯ ದಿನ ಅದೇ ಪೆನ್‌ಡ್ರೈವನ್ನು ಹೊಸ ಲಕೋಟೆಗೆ ಹಾಕಿಕೊಂಡು ನಾನೊಬ್ಬನೇ ಬಂದೆ. ಒಂದಕ್ಷರವೂ ಬದಲಾಗಿರಲಿಲ್ಲ. “ದುಡ್ಡು ಕೊಟ್ಟಿದ್ದರಲ್ಲಿ ಮಾಡಿಸಿದ್ದು ಸರ್, ಒರಿಜಿನಲ್ಲು” ಎಂದೆ. ಗುಮಾಸ್ತರು ತೆರೆದು, ಕನ್ನಡಕ ಮೇಲೇರಿಸಿ, “ನೋಡಿದ್ರಾ ಯಜಮಾನ್ರೇ, ದುಡ್ಡು ಕೊಟ್ರೆ ಅಕ್ಷರ ಎಷ್ಟು ದುಂಡಗೆ ಬರ್ತವೆ” ಎಂದು ಅರ್ಜಿ ತೆಗೆದುಕೊಂಡೇಬಿಟ್ಟರು. “ಹೌದು ಸರ್, ಒತ್ತಕ್ಷರ ಅಂತೂ ಬಲಿತ ಗೂಡಿನಂಗವೆ” ಎಂದು ನಾನೂ ತಲೆದೂಗಿದೆ.

ಮನೆಗೆ ಬಂದು ಮೀಸೆ ತಿರುವುತ್ತಾ ಇದನ್ನು ಹೇಳಿದರೆ ಭಾನುಪ್ರಿಯಾ ನಗಲಿಲ್ಲ.

“ಅಲ್ಲ ಮಾವ, ನಾಳೆ ಕೆಲ್ಸ ಸಿಕ್ರೆ ಅದು ನನ್ ಟೈಪಿಂಗ್‌ಗೆ ಸಿಕ್ತೋ, ನಿನ್ ಸುಳ್ಳಿಗೆ ಸಿಕ್ತೋ? ಅದು ಫ್ರೀದೇ ಅಂತ ಅವರಿಗೆ ಬರಿ.”

“ಬರೆದ್ರೆ ಕೆಲ್ಸ ಹೋಗ್ತದೆ ಕಣಮ್ಮ.”

“ಹೋದ್ರೆ ಹೋಗ್ಲಿ. ಊರೋರಿಗೆಲ್ಲ ಬರ್ಕೊಡ್ತೀಯಲ್ಲ, ನನಗೂ ಒಂದು ಬರ್ಕೊಡು.”

ಬರೆದಿದ್ದೇನೆ. ಸುಳ್ಳು ಹೇಳಿದವನು ನಾನು, ದಂಡನೆ ಏನಿದ್ದರೂ ನನಗಿರಲಿ. ಆ ಪುಟವನ್ನು ತಾವೇ ತೆರೆದು ಓದಿ. ಟೈಪಿಂಗ್ ಕೆಟ್ಟದಾಗಿದ್ದರೆ ತಿರಸ್ಕರಿಸಿ, ನಾನೇ ಬಂದು ಅರ್ಜಿ ವಾಪಸು ಪಡೆಯುತ್ತೇನೆ. ಚೆನ್ನಾಗಿದ್ದರೆ ಬಾಗಿಲಿನ ಆ ಸಾಲನ್ನು ಕಿತ್ತುಹಾಕಿ, ‘ಪುಕ್ಕಟೆ ತಂತ್ರಾಂಶ’ ಎಂದೇ ಬರೆದುಕೊಂಡು ಅವಳನ್ನು ಸರದಿಯಲ್ಲಿ ನಿಲ್ಲಿಸಿ.

ಇಂತಿ,
ಊರಿನ ಪುಕ್ಕಟೆ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿ, ಆ ಓದೂ ನಿಮ್ಮ ಕಚೇರಿಯಲ್ಲಿ ನಡೆಯುತ್ತದೋ ಇಲ್ಲವೋ ಎಂದು ಈಗ ಅನುಮಾನಕ್ಕೆ ಬಿದ್ದಿರುವ
ರಾಮಾಂಜಿನಪ್ಪ, ಮೇಲೂರು